ಹಬೆ ಕುಡಿದ ಡ್ರೋನು

ಬಾಬಾಜಾನ್ ಸಾಹೇಬರಿಗೆ ಹಿಡಿಸದ ಕಸುಬುಗಳು ಲೋಕದಲ್ಲಿ ಬಹಳ. ಅದರಲ್ಲೂ ಡ್ರೋನ್ ಹಾರಿಸುವುದೆಂದರೆ ಗಾಳಿಪಟಕ್ಕಿಂತ ಕಡೆ. ಗಾಳಿಪಟಕ್ಕೆ ದಾರವಾದರೂ ಇರುತ್ತದೆ! ಅಂಥ ಕಸುಬಿನ ಮುಬಶ್ಶಿರನನ್ನೇ ಮದುವೆಯಾಗುತ್ತೇನೆಂದು ಮಗಳು ಆಯಿಷಾ ಹಟ ಹಿಡಿದು ಕೂತಿದ್ದಳು. ಹುಡುಗನ ಕೆಲಸ ಕಣ್ಣಾರೆ ನೋಡಿ ಹೇಳುತ್ತೇನೆ ಎಂದಿದ್ದರು ಸಾಹೇಬರು. ನೋಡುವ ಮೊದಲೇ ಬೇಡವೆಂದು ತೀರ್ಮಾನಿಸಿಯಾಗಿತ್ತು.

ಸಾಹೇಬರಿಗೆ ರೇಷ್ಮೆಗೂಡು ಮಾರುವ ಮರಿಯಪ್ಪನ ಮಗನ ಮದುವೆಗೆ ದೊಡ್ಡಮಳೂರಿನ ಕೆರೆಯ ಬಳಿ ಮುಬಶ್ಶಿರ್ ಗಂಡುಹೆಣ್ಣಿನ ವಿಡಿಯೋ ತೆಗೆಯಬೇಕಿತ್ತು. ಜನವರಿಯ ಚಳಿ. ಬೆಳಗಾಗುತ್ತಲೇ ಸಾಹೇಬರನ್ನು ಕರೆದೊಯ್ಯಲು ರಾಮನಗರದ ಅವರ ನೂಲು ಬಿಚ್ಚುವ ಶೆಡ್ಡಿಗೆ ಬಂದ ಮುಬಶ್ಶಿರ್, ಬ್ಯಾಟರಿಗಳನ್ನು ಜಾಕೆಟ್ಟಿನೊಳಗೆ ಅವಚಿಕೊಂಡಿದ್ದ.

"ಏನ್ಲಾ, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?"

"ಚಳೀಲಿ ಬ್ಯಾಟರಿ ಬೇಗ ಸಾಯ್ತದೆ ಮಾಮೂ. ಬೆಚ್ಚಗಿರ್ಬೇಕು."

"ಅದ್ಕೆ ಈ ಬಾಣ್ಲೆ ಐತಲ್ಲ! ತತ್ತಾ ಇಲ್ಲಿ." ಬ್ಯಾಟರಿಗಳನ್ನೂ ಡ್ರೋನನ್ನೂ ಕಸಿದು, ಗೂಡು ಬೇಯುತ್ತಿದ್ದ ಬಾಣಲೆಯ ಪಕ್ಕದ ಕಟ್ಟೆಯ ಮೇಲಿಟ್ಟರು.

"ಹಬೆ ತಾಕ್ಬಾರ್ದು ಮಾಮೂ, ಒಳಗೆ ತೇವ..."

"ಹುಟ್ದಾಗಿಂದ ಇದೇ ಹಬೇಲಿ ಬೆಂದಿವ್ನಿ, ನಂಗೇನಾಗೈತೆ?"

ಮಾವನಾಗಬೇಕಾದವರಿಗೆ ಎದುರಾಡುವುದುಂಟೇ? ಸಾಹೇಬರು ಆಳುಗಳಿಗೆ ಬೈಯಬೇಕಾದ್ದನ್ನೆಲ್ಲ ಬೈದು ಮುಗಿಸುವವರೆಗೂ ಡ್ರೋನು ಅಲ್ಲೇ ಹಬೆ ಕುಡಿಯುತ್ತಿತ್ತು.

ಕೆರೆಯ ಮೇಲೆ ಅದು ಏರಿದ್ದೇ ತಡ, ಮುಬಶ್ಶಿರನ ಕೈಯಲ್ಲಿದ್ದ ಪರದೆಯೆಲ್ಲ ಬೆಳ್ಳಗಾಯಿತು. "ಗಂಡೂ ಇಲ್ಲ, ಹೆಣ್ಣೂ ಇಲ್ಲ, ಬರೀ ಮಜ್ಜಿಗೆ!" ಎಂದು ಸಾಹೇಬರು ಎಲ್ಲರಿಗೂ ಕೇಳುವಂತೆ ನಕ್ಕರು. ಅವರ ನಗು ಮುಗಿಯುವ ಮೊದಲೇ ಡ್ರೋನು ತೂರಾಡಿ, ದಡದ ಹತ್ತಿರವೇ ನೀರಿಗೆ ಬಿತ್ತು.

"ಏನ್ಲಾ ಹಿಂಗ್ ಮಾಡ್ಬುಟ್ಟೆ?" ಮರಿಯಪ್ಪ ಮುಬಶ್ಶಿರನ ಮೇಲೆ ರೇಗಿದ.

ಸಾಹೇಬರು ಮೆಲ್ಲಗೆ ಹಿಂದೆ ಸರಿದರು. ಹುಡುಗ ತಮ್ಮತ್ತ ಬೆರಳು ತೋರಿಸಿದರೆ ಸಾಕು, ಇಷ್ಟು ವರ್ಷದ ಮರ್ಯಾದೆ ಮಣ್ಣುಪಾಲು.

"ನಂದೇ ತಪ್ಪು ಕಣಣ್ಣ," ಎಂದ ಮುಬಶ್ಶಿರ್. "ಹಬೆ ಹತ್ರ ಇಟ್ಟಿದ್ದೆ. ಚಳಿ ಗಾಳಿಗೆ ಬಂದೇಟ್ಗೆ ಆ ತೇವ ಎಲ್ಲಾ ಒಳಗೇ ನೀರಾಯ್ತು." ಜಾಕೆಟ್ಟು ಬಿಚ್ಚಿಟ್ಟು, ಸೊಂಟದವರೆಗಿನ ನೀರಿಗಿಳಿದು ಅದನ್ನು ಹುಡುಕತೊಡಗಿದ.

ವಾಪಸು ಬರುವಾಗ ಸಾಹೇಬರು ರಸ್ತೆಯನ್ನೇ ನೋಡುತ್ತ ಕೂತರು. ಊರಿನ ದಡ್ಡರನ್ನೆಲ್ಲ ಆಡಿಕೊಂಡು ತಿರುಗಿದ್ದರು. ಅವರೆಲ್ಲರನ್ನೂ ಮೀರಿಸಿದ ದಡ್ಡ ತಮ್ಮದೇ ಅಂಗಿಯೊಳಗಿದ್ದ. ಅದು ಹುಡುಗನಿಗೂ ಗೊತ್ತು ಎಂಬುದೇ ಅವರನ್ನು ಹೆಚ್ಚು ಚುಚ್ಚುತ್ತಿತ್ತು.

ಆಯಿಷಾ ಬಾಗಿಲಲ್ಲೇ ಕಾಯುತ್ತಿದ್ದಳು. "ಏನು ತೀರ್ಮಾನ ಮಾಡಿದ್ರಿ, ಅಬ್ಬಾ?"

"ನಿಂತ್ಕೊಂಡು ನನ್ನೇನ್ ನೋಡ್ತೀಯಾ?" ಸಾಹೇಬರು ಗದರಿದರು. "ಒಸಿ ಬಿಸಿ ಚಾ ತತ್ತಾ. ನಿನ್ ಗಂಡ ಆಗೋನು ಚಳೀಲಿ ನಡುಗ್ತಾವ್ನೆ."