ಆಚೆ ದಡದ ಜಬೇದಾ

ಹೊಳೆಯುವ ಬೂಟು ಹಾಕಿಕೊಂಡು ಮರಳಿಗೆ ಬಂದಿದ್ದಾನೆ ಪೆದ್ದ, ಹೆಜ್ಜೆಗೊಮ್ಮೆ ಹೂತುಕೊಂಡು, ಕೊಕ್ಕರೆಯ ಹಾಗೆ ಕಾಲು ಕಿತ್ತು ಕಿತ್ತು ಇಡುತ್ತಾನೆ, ಇವನು ಎರಡು ದೇಶ ಜೋಡಿಸುತ್ತಾನಂತೆ — ಜಕಾರ್ತದಿಂದ ಬಂದ ಫೆರ್ದಿ, ಕೇಬಲ್ ಕಂಪನಿಯವನು, ರೊಗಾಯಾಳ ಕುತ್ತಿಗೆಯ ಹತ್ತಿರ ಮೈಕು ಸಿಕ್ಕಿಸುತ್ತ, ಇಬೂ ಎಂದು ಮರ್ಯಾದೆಗೆ ಕರೆದು, ಪರದೆಯಲ್ಲಿ ಅಕ್ಕನ ಮುಖ ಕಂಡ ಕೂಡಲೇ ಒಂಚೂರು ಅಳಿ, ಜಾಸ್ತಿ ಬೇಡ, ಪೌಡರ್ ಕಿತ್ಕೊಂಡು ಬರತ್ತೆ, ಅಂದ. ಅಳಬೇಕಂತೆ, ನನ್ನ ಕಣ್ಣೀರೇನು ಇವನಪ್ಪನ ಮನೆ ಗಂಟಾ, ಅವಳು ಮುಖ ತಿರುಗಿಸಿದಳು, ಶಾಮಿಯಾನದಡಿ ಬಾತಾಮಿನ ದೊಡ್ಡಮನುಷ್ಯರು, ಎಂದೂ ಈ ದಡಕ್ಕೆ ಕಾಲಿಡದವರು, ಬಾಟಿಕ್ ಅಂಗಿ ತೊಟ್ಟು ಬೇಯಿಸಿದ ಗೊಂಗೊಂಗ್ ಚಿಪ್ಪಿನೊಳಗಿಂದ ಕಡ್ಡಿಯಲ್ಲಿ ಮಾಂಸ ಚುಚ್ಚಿ ತೆಗೆದು ಚಪ್ಪರಿಸುತ್ತಿದ್ದಾರೆ, ಅವರ ಬೆನ್ನಿಗೆ ಸಮುದ್ರ, ಅದರಾಚೆ ನೀಲಿಯಾಗಿ ಮಲೇಷ್ಯಾದ ಜೋಹೋರಿನ ಗುಡ್ಡ, ಅಷ್ಟೇ ದೂರ, ಅಷ್ಟಕ್ಕೆ ಹಡಗು ತಂದು, ನೀರಿನಡಿ ಗಾಜಿನ ಎಳೆ ಹಾಸಿ, ತಮಟೆ ಬಡಿದು! ಅಪ್ಪ ಬೆಳಿಗ್ಗೆ ದೋಣಿಯಲ್ಲಿ ಹೋಗಿ ಅಲ್ಲಿ ಮೀನು ಮಾರಿ ಕತ್ತಲಾಗುವುದರೊಳಗೆ ಬರುತ್ತಿದ್ದ, ಪಾಸ್‌ಪೋರ್ಟು ಯಾರು ಕೇಳಿದ್ದರು, ಅದೇ ದೋಣಿಯಲ್ಲಿ ಅಕ್ಕ ಜಬೇದಾ ಮದುಮಗಳಾಗಿ ಹೋದಳು, ತಿರುಗಿ ಕೈ ಬೀಸಲಿಲ್ಲ, ಮುಡಿಯ ಹೂ ಬಾಡೀತೆಂದು ಕೊಡೆ ಹಿಡಿದು ಕೂತಿದ್ದಳು ಮಹಾರಾಣಿ. ಆಮೇಲೆ ಹಬ್ಬಕ್ಕೆ ಬಂದರೆ ಮಲೇಷ್ಯಾದ ಬಿಸ್ಕತ್ತಿನ ಡಬ್ಬ, ಅದರ ಜೊತೆಗೊಂದು ಮಾತು, ಏನೇ ರೊಗಾಯಾ, ನಿಮಗಿನ್ನೂ ಬಾವಿ ನೀರೇ ಗತೀನಾ — ಅಮ್ಮ ತೀರಿಕೊಂಡಾಗ ಮಾತ್ರ ಬರಲಿಲ್ಲ. ಹೆಣ ಎತ್ತಲು ಬಿಡದೆ ಬಾಗಿಲಿಗೆ ಅಡ್ಡ ನಿಂತಿದ್ದಳು ರೊಗಾಯಾ, ಬರ್ತಾಳೆ, ಮುಂದಿನ ಫೆರ್ರಿಗೆ ಬರ್ತಾಳೆ, ಇಮಾಮರು ಮೆಲ್ಲಗೆ, ಸಾಕು ಮಗಳೇ, ಇನ್ನು ಕಾಯಿಸಬಾರದು ಅಂದರು. ಆಮೇಲೊಮ್ಮೆ ಜಬೇದಾಳ ಮಗಳು ಶಫೀಕಾ ಫೋನು ಮಾಡಿ, ಚಿಕ್ಕಮ್ಮಾ, ಅಮ್ಮಂಗೆ ಹುಷಾರಿಲ್ಲ, ಸ್ವಲ್ಪ ಕೇಳಿಸ್ಕೊಳಿ, ಅಂದಿದ್ದಳು, ಇವಳು ಫೋನು ಕುಕ್ಕಿದಳು, ಹುಷಾರಿಲ್ಲವಂತೆ, ಮಹಾರಾಣಿಯರಿಗೆ ಯಾವಾಗ ಹುಷಾರಿರುತ್ತದೆ.

ಇವತ್ತು ಒಪ್ಪಿಕೊಂಡದ್ದು ಬೈಯುವುದಕ್ಕೆ, ಮತ್ತೇನಕ್ಕೂ ಅಲ್ಲ, ಎರಡೂ ದೇಶದ ಎದುರಿಗೆ, ಮಾತು ನಾಲಿಗೆಯ ತುದಿಯಲ್ಲೇ ಇದೆ, ಅಮ್ಮನ ಮಣ್ಣಿಗೆ ಬರದವಳು ಟೀವಿಗೆ ಬಂದ್ಯಾ, ಅಷ್ಟೇ ಕೇಳಿ ಮೈಕು ಕಿತ್ತೆಸೆದು ಮನೆಗೆ ಹೋಗುತ್ತಾಳೆ — ಊರ ಹಿರಿಯ ಸುಕ್ರಿ ಹಿಂದಿನಿಂದ, ಸ್ವಲ್ಪ ನಗಮ್ಮಾ, ಊರಿನ ಮರ್ಯಾದೆ ಪ್ರಶ್ನೆ, ಎಂದು ಗೊಣಗಿದ, ಊರಿಗೆ ಮರ್ಯಾದೆ ಬಂದದ್ದು ಯಾವಾಗಲೋ, ಪರದೆ ಬೆಳಗಿತು. ಜಬೇದಾ. ಇಷ್ಟು ಸಣ್ಣಗೆ ಯಾವಾಗ ಆದಳು, ತಲೆವಸ್ತ್ರ ಸೊಟ್ಟಗೆ ಕೂತಿದೆ, ತುಟಿಯಂಚಿನಲ್ಲಿ ಗಂಜಿಯ ಅಗುಳು, ಅದೂ ಕಾಣುತ್ತದೆ, ಅಷ್ಟು ನಿಚ್ಚಳ. ಪಕ್ಕದಲ್ಲಿ ಶಫೀಕಾ, ಯಾರು ನೋಡಮ್ಮಾ, ಗುರುತು ಸಿಕ್ತಾ? ಜಬೇದಾ ನೋಡಿದಳು, ಕಣ್ಣು ಕಿರಿದು ಮಾಡಿ ಇವಳ ನರೆತ ಹುಬ್ಬು, ಜೋತ ಕೆನ್ನೆ ನೋಡಿದಳು, ಅಮ್ಮಾ, ಅಂದಳು. ಅಮ್ಮಾ, ಎಲ್ಲಿ ಹೋಗಿದ್ದೆ ಇಷ್ಟು ದಿನ, ಇವರು ನನ್ನ ದೋಣಿ ಹತ್ತಕ್ಕೆ ಬಿಡ್ತಿಲ್ಲ ಕಣಮ್ಮ, ಅಪ್ಪಂಗೆ ಹೇಳು, ಬಂದು ಕರ್ಕೊಂಡ್ಹೋಗ್ಲಿ. ಶಾಮಿಯಾನವೆಲ್ಲ ಚಪ್ಪಾಳೆ, ಏನು ಕೇಳಿಸಿತೋ ಈ ಕುರಿಗಳಿಗೆ, ಫೆರ್ದಿ ಹೆಬ್ಬೆರಳೆತ್ತಿ ಹಲ್ಲು ಕಿರಿಯುತ್ತಾನೆ, ಚಿತ್ರ ಒಂಚೂರೂ ನಡುಗಲಿಲ್ಲವಲ್ಲ, ಅದೇ ಅವನ ಹಿಗ್ಗು, ಶಫೀಕಾ ದನಿ ತಗ್ಗಿಸಿ, ಅಜ್ಜಿ ಹೋದಾಗ್ಲೇ ಅಮ್ಮ ಹೀಗಾಗಿದ್ರು ಚಿಕ್ಕಮ್ಮಾ, ಹೇಳಕ್ಕೇ ಅವತ್ತು ಫೋನ್ ಮಾಡಿದ್ದು, ಆ ತಗ್ಗಿದ ದನಿಯನ್ನೂ ಧ್ವನಿವರ್ಧಕ ದಡದುದ್ದಕ್ಕೂ ಕೂಗಿ ಹೇಳಿತು, ಮಣ್ಣಿಗೆ ಬರದವಳು — ಟೀವಿಗೆ — ಆ ಮಾತು ಎಲ್ಲಿ, ನಾಲಿಗೆಯ ಮೇಲೆ ಬರೀ ಪೌಡರಿನ ರುಚಿ, ಕಳಿಸ್ತೀನಿ ಕಣೇ, ಅಂದಳು ರೊಗಾಯಾ, ಅಪ್ಪನ್ನ ಕಳಿಸ್ತೀನಿ, ನೀನು ಗಂಜಿ ಪೂರ್ತಿ ಕುಡಿ, ಅಮ್ಮನ ದನಿ ಹೇಗಿತ್ತು, ಹೀಗೇ ಇತ್ತಾ, ಮತ್ತೆ ಚಪ್ಪಾಳೆ, ಥೂ ಇವರ ಕೈಗಳಿಗೆ ಹುಳ ಬೀಳಲಿ, ನನ್ನ ಕೈಗೂ, ಫೋನು ಕುಕ್ಕಿದ ಕೈಗೂ, ಅಲ್ಲಿ ಜಬೇದಾ ಬೆರಳು ಚಾಚುತ್ತಿದ್ದಾಳೆ, ಅಮ್ಮನ ಕೆನ್ನೆ ಮುಟ್ಟುವುದಕ್ಕೆ, ಬೆರಳು ದೊಡ್ಡದಾಗುತ್ತಿದೆ, ಮುಖ ಮುಚ್ಚಿತು, ಶಫೀಕಾಳೂ ಮುಚ್ಚಿಹೋದಳು, ಪರದೆ ತುಂಬ ಬೆರಳ ತುದಿ, ಗೆರೆ ಗೆರೆಯಾಗಿ, ಗಾಜಿಗೆ ಒತ್ತಿ ರಕ್ತ ಸರಿದು ಬೆಳ್ಳಗಾದ ತುದಿ, ಯಾರಾದರೂ ಆರಿಸಿರೋ, ಯಾರೂ ಆರಿಸುತ್ತಿಲ್ಲ, ಆ ಬೆರಳು, ಬೆಳ್ಳಗೆ, ಒತ್ತಿಕೊಂಡು, ಆ ಬೆರಳು —