ಬಾಗಿಲು ದಾಟಿದ ಮೇಲೆ ಎಳೆಯಿರಿ

ನಮ್ಮದು ಒಂಬತ್ತು ಸೀಟಿನ ವಿಮಾನ. ಗೋವಾದಿಂದ ಹೊರಟು ಕಾರವಾರ, ಅಂಕೋಲೆಯ ಕಡಲ ಮೇಲೆ ಒಂದು ಸುತ್ತು ಹಾಕಿ ಪ್ರವಾಸಿಗರನ್ನು ವಾಪಸ್ ತಂದು ಬಿಡುತ್ತದೆ. ಟಿಕೆಟ್ ನೋಡುವವಳು, ನೀರು ಕೊಡುವವಳು, ಹಾರುವ ಮೊದಲು ಸುರಕ್ಷತೆಯ ಪಾಠ ಒಪ್ಪಿಸುವವಳು ಎಲ್ಲ ನಾನೇ. ಆ ದಿನ ಮೊದಲ ಸಲ ಅಪ್ಪ, ಅವ್ವಿಯನ್ನು ಹತ್ತಿಸಿದ್ದೆ. ಅಂಕೋಲೆ ಪಕ್ಕದ ನಮ್ಮೂರು ಕೇಣಿಯನ್ನು ಮೇಲಿಂದ ನೋಡಬೇಕೆಂಬುದು ಅಪ್ಪನ ಆಸೆ.

ಹತ್ತಿದ್ದೇ ತಡ, ಜಗಳ ಶುರು. "ವಿಮಾನ ನೀರಿನ ಮೇಲೆ ಇಳಿಯಬೇಕಾಗಿ ಬಂದರೆ" ಎಂದು ನಾನು ಬಾಯಿ ತೆರೆದೆ. ಅಪ್ಪ ಮುಖ ಗಂಟು ಹಾಕಿಕೊಂಡ.

"ವಿನುತಾ, ಹತ್ತಿ ಕೂತ್ಮೇಲೆ ಅಂಥಾ ಮಾತು ಆಡೂಕಾಗ. ಸುಮ್ನಿರು."

ನಮ್ಮಂಥ ಮೀನುಗಾರರ ಮನೆಯಲ್ಲಿ ದೋಣಿಗೆ ಕಾಲಿಟ್ಟ ಮೇಲೆ ಮುಳುಗುವ ಮಾತು ಎತ್ತುವುದಿಲ್ಲ. ಯಾವಾಗ ಬರುತ್ತೀರಿ ಎಂದೂ ಕೇಳುವುದಿಲ್ಲ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಂಪನಿ ಸಂಬಳ ಕೊಡುವುದೇ ಆ ಮಾತಿಗೆ.

"ಇದು ದೋಣಿ ಅಲ್ಲ ಅಪ್ಪಾ. ಕೇಳು."

ಅಪ್ಪ ಕಿಟಕಿಯ ಕಡೆ ತಿರುಗಿ ಕೂತ. ನಾನೂ ಅವನ ಮಗಳೇ ತಾನೆ, ಹಟಕ್ಕೆ ಬಿದ್ದು ಒಂದಕ್ಷರ ಬಿಡದೆ ಹೇಳಿದೆ. ಲೈಫ್ ಜಾಕೆಟ್ ಕೊರಳಿಗೆ ಹಾಕಿಕೊಳ್ಳಿ, ಕೆಂಪು ಹಿಡಿ ಎಳೆದರೆ ಗಾಳಿ ತುಂಬುತ್ತದೆ, ಒಳಗಿರುವಾಗ ಮಾತ್ರ ಎಳೆಯಬೇಡಿ, ಬಾಗಿಲು ದಾಟಿದ ಮೇಲೆ ಎಳೆಯಿರಿ. ಅಪ್ಪ ಕೂತಿದ್ದು ಬಾಗಿಲ ಪಕ್ಕದಲ್ಲೇ. ಅವನ ಹಿಂದೆ ಅವ್ವಿ. ಜೀವನವಿಡೀ ಮೀನು ಮಾರಿದವಳು, ಆದರೆ ಮೊಣಕಾಲು ಮೀರಿದ ನೀರಿಗೆ ಒಮ್ಮೆಯೂ ಇಳಿದವಳಲ್ಲ.

ವಿಮಾನ ಕಾಳಿ ನದಿಯ ಸೇತುವೆ ದಾಟಿತು, ಕಾರವಾರ ಹಿಂದೆ ಹೋಯಿತು. ಕೇಣಿ ಕಂಡದ್ದೇ ಅಪ್ಪ ಸಿಟ್ಟು ಮರೆತು ಅವ್ವಿಗೆ ಮನೆ ತೋರಿಸತೊಡಗಿದ. ಆಗ ಎಂಜಿನ್ ಸದ್ದು ನಿಂತಿತು.

"ವಿನುತಾ, ದಡ ಮುಟ್ಟೋದಿಲ್ಲ. ನೀರಿಗೇ ಇಳಿಸ್ತೇನೆ" ಎಂದರು ಪೈಲಟ್ ಗುರುಪ್ರಸಾದ ಸರ್, ಚಹಾ ಬೇಕು ಎನ್ನುವಷ್ಟು ಸಮಾಧಾನದಿಂದ. ಎಲ್ಲರಿಗೂ ಜಾಕೆಟ್ ಹಾಕಿಸಿದೆ, ತಲೆ ಬಗ್ಗಿಸಿ ಕೂರಿಸಿದೆ. ವಿಮಾನ ನೀರಿಗೆ ಬಡಿದು, ಮೂಗು ಮುಳುಗಿಸಿ, ಮತ್ತೆ ಮೇಲೆದ್ದು ನಿಂತಿತು. ಬಾಗಿಲು ತೆಗೆದೆ. ನೀರು ಒಳಗೆ ನುಗ್ಗಿತು.

ಅಪ್ಪನ ಕೈ ಕೆಂಪು ಹಿಡಿಯ ಮೇಲಿತ್ತು. ನೀರಿಗಿಳಿಯುವ ಮೊದಲೇ ಎಲ್ಲ ಸಜ್ಜು ಮಾಡಿಕೊಳ್ಳುವುದು ದೋಣಿಯವರ ರೂಢಿ. ಇಲ್ಲಿ ಅದೇ ಸಾವು. ಜಾಕೆಟ್ ಉಬ್ಬಿದರೆ ಆ ಸಣ್ಣ ಬಾಗಿಲಲ್ಲಿ ಅವನು ಸಿಕ್ಕಿಕೊಳ್ಳುತ್ತಾನೆ, ಹಿಂದಿನವರಿಗೆ ದಾರಿಯೇ ಇಲ್ಲ.

"ಅಪ್ಪಾ, ಈಗ ಎಳದ್ರೆ ಅವ್ವಿ ಒಳಗೇ ಮುಳುಗಿ ಸಾಯ್ತದೆ."

ಆಡಬಾರದ ಮಾತನ್ನು ಅವನ ಮುಖಕ್ಕೇ ಆಡಿದ್ದೆ. ಅಪ್ಪ ನನ್ನನ್ನು ನೋಡಿದ. ಕೈ ಬಿಟ್ಟ. ಹೊರಗೆ ಹಾರಿ, ಆಮೇಲೆ ಹಿಡಿ ಎಳೆದು, ಅವ್ವಿಗಾಗಿ ಎರಡೂ ಕೈ ಚಾಚಿದ. ಒಬ್ಬೊಬ್ಬರಾಗಿ ಎಲ್ಲರೂ ಹೊರಬಂದರು, ಕೊನೆಗೆ ನಾನು ಮತ್ತು ಗುರುಪ್ರಸಾದ ಸರ್. ವಿಮಾನ ನಿಧಾನವಾಗಿ ತಳ ಸೇರಿತು.

ಕೇಣಿಯಿಂದ ಎರಡು ದೋಣಿಗಳು ನಮ್ಮ ಕಡೆ ಹೊರಟಿದ್ದವು, ಇನ್ನೂ ದೂರವಿದ್ದವು. ಅಪ್ಪ ದಡವನ್ನೇ ನೋಡುತ್ತಿದ್ದ. ಈಜಿ ಹೋಗಿಬಿಡುವ ಲೆಕ್ಕಾಚಾರ ಅದು, ನನಗೆ ಗೊತ್ತು. ಈ ವಯಸ್ಸಿನಲ್ಲಿ ಅರ್ಧ ದಾರಿಯೂ ಆಗುತ್ತಿರಲಿಲ್ಲ. ವಿಮಾನ ಬೀಳುವಾಗ ಆಗದ ಹೆದರಿಕೆ ಆಗ ಆಯಿತು.

ಅವನು ನನ್ನ ಕಡೆ ತಿರುಗಿದ. "ಮುಂದೆ ಎಂತಾ ಮಾಡೂದು ವಿನು? ನೀ ಹೇಳು."

ಬಾಳನ್ನೆಲ್ಲ ಇದೇ ನೀರಿನ ಮೇಲೆ ಕಳೆದವನು ಕೇಳಿದ ಪ್ರಶ್ನೆ. "ಯಾರೂ ಈಜೂಕೆ ಹೋಗೂದು ಬೇಡ" ಎಂದೆ. "ಕೈ ಕೈ ಹಿಡ್ಕಂಡು ಒಟ್ಟಿಗಿರಿ."

ಅಪ್ಪ ಒಂದು ಕೈಯಲ್ಲಿ ಅವ್ವಿಯನ್ನೂ ಇನ್ನೊಂದರಲ್ಲಿ ಯಾರೋ ಪ್ರವಾಸಿಯನ್ನೂ ಹಿಡಿದುಕೊಂಡ.

"ಗಟ್ಟಿ ಹೇಳು" ಎಂದ. "ಆಚೆ ತೇಲ್ತಾ ಇದ್ದವ್ರಿಗೆ ಕೇಳ್ತಾ ಇಲ್ಲ."