ನಡುನೀರಿನಲ್ಲಿ ಇಬ್ಬರು ಯಜಮಾನರು

ತಾಕ್ ಗ್ವಾಂಗ್‌ಸಿಕ್ ಅವರು ಒಂದು ದಿನವೂ ಕಾಲಿಡದ ಊರಿಗೆ ಯಜಮಾನರು. ದಕ್ಷಿಣ ಕೊರಿಯಾದ ಸೊಕ್ಚೊ ಪೇಟೆಯ ಕಾಲುವೆ ದಂಡೆಯಲ್ಲಿ ಒಣಮೀನಿನ ಅಂಗಡಿ ನಡೆಸುವ ಎಪ್ಪತ್ತೆರಡರ ಈ ಮನುಷ್ಯರಿಗೆ ಸರ್ಕಾರ ಮೊಹರು ಒತ್ತಿ ಕಾಗದ ಕೊಟ್ಟಿದೆ: ಗಡಿಯಾಚೆ, ಉತ್ತರ ಕೊರಿಯಾದಲ್ಲಿರುವ ಸೋಂಗೊಕ್ ಹೋಬಳಿಗೆ ಇವರು ಗೌರವ ಯಜಮಾನರು. ದೇಶ ಎಂದು ಒಂದಾಗುತ್ತದೋ ಅಂದು ಹೋಗಿ ಕುರ್ಚಿಯಲ್ಲಿ ಕೂರುವುದೆಂದು ಅವರ ಎಣಿಕೆ. ಅಲ್ಲಿಯವರೆಗೆ ವರ್ಷಕ್ಕೊಂದು ಊಟ, ಆ ಸೀಮೆ ಬಿಟ್ಟು ಬಂದ ಊರವರ ಸಂಘದ ಹೆಸರು ಅಚ್ಚಾದ ಒಂದು ಟವೆಲ್ಲು.

ಕಾಲುವೆಯ ಆಚೆ ದಂಡೆಯಲ್ಲಿ ಮೆಂಗ್ ಹ್ಯೊಂಗ್‌ಡೊ ಅವರ ಹೋಟೆಲು. ಅವರು ಪಕ್ಕದ ಉನ್ಹಾ ಹೋಬಳಿಯ ಯಜಮಾನರು. ಅವರೂ ಆ ಊರನ್ನು ಕಂಡವರಲ್ಲ. ಇಬ್ಬರ ಅಪ್ಪಂದಿರೂ ಯುದ್ಧದಲ್ಲಿ ಒಂದೇ ಹಡಗು ಹತ್ತಿ ಓಡಿಬಂದವರು. ಮೆಂಗ್ ಎರಡು ವರ್ಷ ಚಿಕ್ಕವರಾದ್ದರಿಂದ ತಾಕ್‌ರನ್ನು "ಅಣ್ಣಾ" ಎನ್ನುತ್ತಿದ್ದರು. ಅದೆಲ್ಲ ಹಿಂದಿನ ಮಾತು. ಹನ್ನೊಂದು ವರ್ಷದಿಂದ ಇಬ್ಬರ ನಡುವೆ ಜಗಳದ ಮಾತು ಬಿಟ್ಟರೆ ಬೇರೆ ಮಾತಿಲ್ಲ, ಕಾರಣ ಒಂದು ಮರಸೇಬಿನ ಮರ.

ಆ ಮರ ಎರಡು ಹೋಬಳಿಗಳ ಗಡಿಯಲ್ಲಿದೆಯಂತೆ. ದೇಶ ಒಂದಾದ ಮೇಲೆ ರೈಲು ಬರುತ್ತದೆ, ನಿಲ್ದಾಣ ಆ ಮರದ ಕೆಳಗೇ ಆಗುತ್ತದೆ, ಚೀನಾದವರು ರಷ್ಯಾದವರು ಜಪಾನಿನವರು ಎಲ್ಲರೂ ಅಲ್ಲೇ ಇಳಿದು ವ್ಯಾಪಾರ ಮಾಡುತ್ತಾರೆ, ಸುತ್ತಲ ಸೀಮೆಗೆಲ್ಲ ಶಾಂತಿ, ಸಮೃದ್ಧಿ. ಇಷ್ಟರಲ್ಲಿ ಇಬ್ಬರಿಗೂ ತಕರಾರಿಲ್ಲ. ನಿಲ್ದಾಣದ ಹೆಸರು ಸೋಂಗೊಕ್ ಎಂದಾಗಬೇಕೋ ಉನ್ಹಾ ಎಂದಾಗಬೇಕೋ ಎಂಬಲ್ಲಿ ಮಾತ್ರ ಕೊರಳಪಟ್ಟಿ ಹಿಡಿಯುವಷ್ಟು ತಕರಾರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇವರು ಮದುವೆಗೂ ಮುಂಚೆಯೇ ಕುಲಾವಿಯ ಬಣ್ಣಕ್ಕೆ ಜಗಳವಾಡಿದ ಪುಣ್ಯಾತ್ಮರು. ಈಗ ಸೋಮವಾರ ಊರವರ ಸಂಘ ಆ ಸೀಮೆಯ ನಕ್ಷೆಯನ್ನು ಅಚ್ಚಿಗೆ ಕಳಿಸುವುದಿತ್ತು. ಮರ ಯಾರ ಪಾಲು ಎನ್ನುವುದು ಅಷ್ಟರೊಳಗೆ ತೀರ್ಮಾನವಾಗಬೇಕು.

ತಾಕ್‌ರಿಗೆ ನಿಲ್ದಾಣಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ಅವರಪ್ಪ ಸಾಯುವವರೆಗೂ ಆ ಮರದ ಜಪವನ್ನೇ ಮಾಡಿದ್ದ. ಮಗುವಿನ ತಲೆಯಷ್ಟು ದಪ್ಪ ಹಣ್ಣು, ಜೇನಿನಂಥ ರಸ, ತುದಿಗೆ ಹತ್ತಿದರೆ ಸಮುದ್ರ ಕಾಣುತ್ತದೆ. "ಮಾವನೋರು ಬಿಟ್ಟ ರೈಲು ಅದು" ಎಂದು ಹೆಂಡತಿ ನಗುತ್ತಿದ್ದಳು. ನಿಜಕ್ಕೂ ಮರವೇ ಇಲ್ಲದಿದ್ದರೆ? ಅಪ್ಪ ಹೇಳಿದ್ದೆಲ್ಲ ಬರೀ ಪೊಳ್ಳಾಗಿದ್ದರೆ? ಈ ಭಯವನ್ನು ಅವರು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಹೀಗಿರುವಾಗ ಓಕ್ಬುನ್ ಬಂದಳು. ಆರು ವರ್ಷದ ಹಿಂದೆ ಉತ್ತರದಿಂದ ತಪ್ಪಿಸಿಕೊಂಡು ಬಂದ, ಐವತ್ತು ದಾಟಿದ ಹೆಂಗಸು. ಹೋದ ವಾರವಷ್ಟೇ ಆಚೆ ದಂಡೆಯಲ್ಲಿ ಮೀನು ಒಣಗಿಸುವ ಕೆಲಸಕ್ಕೆ ಸೇರಿದ್ದಳು. ಹುಟ್ಟಿದ್ದು ಅದೇ ಸೀಮೆಯಲ್ಲಿ ಎಂದು ಸುದ್ದಿ. ಶನಿವಾರ ಬೆಳಿಗ್ಗೆಯೇ ತಾಕ್ ಹೋಗಿ ಅವಳನ್ನು ಊಟಕ್ಕೆ ಕರೆದು ತೆಪ್ಪ ಹತ್ತಿಸಿಕೊಂಡರು. ಆ ತೆಪ್ಪಕ್ಕೆ ಮೋಟಾರಿಲ್ಲ. ದಂಡೆಯಿಂದ ದಂಡೆಗೆ ಬಿಗಿದ ತಂತಿಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಹತ್ತಿದವರೇ ಎಳೆಯಬೇಕು. ತೆಪ್ಪ ಇನ್ನೇನು ದಂಡೆ ಬಿಡಬೇಕು, ಮೆಂಗ್ ಏಪ್ರನ್ನಿನಲ್ಲೇ ಓಡಿಬಂದು ಅದರೊಳಕ್ಕೆ ಹಾರಿದರು.

"ಸಾಕ್ಷೀನ ಕದ್ಕೊಂಡ್ ಹೋಗ್ತಿದೀರಾ, ತಾಕ್ ಯಜಮಾನ್ರೇ? ಹೊಟ್ಟೆಗೆ ಒಣಮೀನು ತುರುಕಿ, ಬಾಯಲ್ಲಿ ನಿಮ್ಮ ಮಾತು ಹೇಳಿಸೋಕಾ?"

"ನಿನ್ನೆ ಇವ್ರಿಗೆ ನೀವು ಮೂರು ತಟ್ಟೆ ತಿಂಡಿ ಕಳಿಸಿದ್ರಲ್ಲ, ಅದೇನು ದಾನಧರ್ಮಾನಾ?"

ತೆಪ್ಪ ಕಾಲುವೆಯ ನಡುವಿಗೆ ಬರುತ್ತಲೇ ಮೆಂಗ್ ಇನ್ನೊಂದು ಕೊಕ್ಕೆ ಎತ್ತಿಕೊಂಡು ತಮ್ಮ ದಂಡೆಯ ಕಡೆಗೆ ಎಳೆದರು. ತಾಕ್ ತಮ್ಮ ದಂಡೆಯ ಕಡೆಗೆ ಎಳೆದರು. ತೆಪ್ಪ ಒಂದು ಗೇಣು ಆ ಕಡೆ, ಒಂದು ಗೇಣು ಈ ಕಡೆ ಹೋಗಿ ಅಲ್ಲೇ ನಿಂತಿತು.

"ಅಯ್ಯೋ ನಿಮ್ಮ ವಯಸ್ಸಿಗಿಷ್ಟು ಬೆಂಕಿ ಹಾಕ! ನನ್ನ ಕೋಸು ಇಲ್ಲೇ ಹುಳಿ ಬಂದು ಕಿಮ್ಚಿ ಆಗೋಗುತ್ತೆ!" ಎಂದು ಬುಟ್ಟಿ ಹಿಡಿದು ಕೂತಿದ್ದ ಹೆಂಗಸೊಬ್ಬಳು ಕಿರುಚಿದಳು.

ಓಕ್ಬುನ್ ಇಬ್ಬರನ್ನೂ ನೋಡಿದಳು. "ಅಬಾಯಿ, ಏನಾಗೈತ್ರೀ ನಿಮಗ?"

ಅಬಾಯಿ ಎಂದರೆ ಆ ಸೀಮೆಯವರು ಹಿರಿಯರನ್ನು ಕರೆಯುವ ಮಾತು. ಅಪ್ಪ ಹೋದ ಮೇಲೆ ಅದನ್ನು ಆ ರಾಗದಲ್ಲಿ ತಾಕ್ ಕೇಳಿಯೇ ಇರಲಿಲ್ಲ. ಅವರ ಕೈ ತಾನಾಗಿ ಸಡಿಲವಾಯಿತು. ಮೆಂಗ್ ಕೂಡ ಎಳೆಯುವುದನ್ನು ನಿಲ್ಲಿಸಿದರು.

"ತಾಯೀ, ಒಂದೇ ಮಾತು," ಎಂದರು ತಾಕ್. "ಸೋಂಗೊಕ್ಕಿಗೂ ಉನ್ಹಾಗೂ ನಡುವೆ ಒಂದು ಮರಸೇಬಿನ ಮರ ಇತ್ತಾ?"

"ಹಳ್ಳದ ದಂಡ್ಯಾಗಿನ ಗಿಡ ಹೌದಲ್ರೀ? ನಾ ಬಿಟ್ಟು ಬರೂಮುಂದ ನಿಂತಿತ್ತು. ಇಲ್ಲಿ ನೋಡ್ರಿ." ಅವಳು ಹಣೆಯ ಮೇಲಿನ ಗಾಯದ ಕಲೆ ತೋರಿಸಿದಳು. "ಎಂಟು ವರ್ಷದಾಕಿ ಇದ್ದಾಗ ಅದರ ಮ್ಯಾಲಿಂದ ಬಿದ್ದಿದ್ದೆ."

"ಹಣ್ಣು? ಮಗು ತಲೆಯಷ್ಟು?"

"ಯಾರ್ರೀ ಹಂಗ ಹೇಳಿದಾವ್ರು? ಗೋಲಿಗುಂಡಿನಷ್ಟು! ಹುಳಿ ಅಂದ್ರ ಹುಳಿ. ಹಂದಿ ಸುದ್ದಾ ಮೂಸಂಗಿಲ್ಲ."

"ಮತ್ತೆ... ಸಮುದ್ರ?"

"ಕಾಣ್ತಿತ್ರೀ. ಅದನ್ನ ನೋಡಾಕ ಹೋಗೇ ಬಿದ್ದೆ."

ತಾಕ್‌ರಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿಬಂದವು. ಅಪ್ಪ ಹಣ್ಣಿನ ವಿಷಯದಲ್ಲಿ ರೈಲು ಬಿಟ್ಟಿದ್ದ, ಮರದ ವಿಷಯದಲ್ಲಿ ಬಿಟ್ಟಿರಲಿಲ್ಲ. ಅವರು ತೋಳಿನಿಂದಲೇ ಮೂಗು ಒರೆಸಿಕೊಂಡರು.

"ಅದೆಲ್ಲ ಇರ್ಲಮ್ಮ," ಎಂದರು ಮೆಂಗ್. "ಯಾವ ಹೋಬಳೀಲಿದೆ, ಅದನ್ನ ಹೇಳು."

"ಎಲ್ಲಿ ಹೋಬಳಿರೀ? ನಮ್ಮಪ್ಪ ಸಣ್ಣಾವ ಇದ್ದಾಗನ ಎರಡೂ ಕೂಡಿಸಿ ಒಂದ ಊರು ಮಾಡ್ಯಾರ. ಗಡಿ ಎಲ್ಲಿತ್ತಂತ ಈಗ ಅಲ್ಲಿ ಯಾರಿಗೂ ಗೊತ್ತಿಲ್ಲ."

ಇಬ್ಬರೂ ಪಿಳಿಪಿಳಿ ಕಣ್ಣು ಬಿಟ್ಟರು. "ಅಂದ್ರೆ ನಮ್ಮ ಎರಡು ಹೋಬಳಿ..." ಎಂದರು ತಾಕ್.

"ಒಂದಾಗಿ ಎಪ್ಪತ್ತು ವರ್ಷ ಆತ್ರೀ. ಒಂದಾಗದ ಉಳದಾವ್ರು ನೀವಿಬ್ರ ನೋಡ್ರಿ."

ಕೋಸಿನ ಹೆಂಗಸು ಕಿಸಕ್ಕನೆ ನಕ್ಕಳು. ಮೆಂಗ್ ಕೊಕ್ಕೆ ಕೆಳಗಿಟ್ಟರು. ಆಮೇಲೆ ಕೆಮ್ಮಿದರು.

"ಅಣ್ಣಾ."

ಹನ್ನೊಂದು ವರ್ಷದ ಮೇಲೆ! ತಾಕ್‌ರ ಎದೆ ತುಂಬಿಬಂತು. "ಏನೋ ತಮ್ಮಾ?"

"ಒಂದೇ ಊರು ಅಂದ್ಮೇಲೆ ಯಜಮಾನನೂ ಒಬ್ಬನೇ, ಅಲ್ವಾ?"

"ಹೌದಪ್ಪಾ. ವಯಸ್ಸಲ್ಲಿ ಹಿರಿಯನಾದೋನು."

"ವಯಸ್ಸು ಕಟ್ಕೊಂಡೇನು? ಕೈಲಾಗೋನು!"

ಇಬ್ಬರೂ ಮತ್ತೆ ಕೊಕ್ಕೆ ಎತ್ತಿಕೊಂಡರು. ಓಕ್ಬುನ್ ಎರಡನ್ನೂ ಕಸಿದುಕೊಂಡಳು.

"ಆ ಊರಾಗ ಹುಟ್ಟಿದಾಕಿ ನಾ. ಆ ಗಿಡದಿಂದ ಬಿದ್ದಾಕಿ ನಾ. ಈಗ ಯಜಮಾನಿಕಿ ಯಾರದು, ಹೇಳ್ರಿ?"

"ನಿಮ್ದೇ, ತಾಯೀ," ಎಂದರು ತಾಕ್. ಮೆಂಗ್ ತಲೆಯಾಡಿಸಿದರು.

"ಹಂಗಾರ ಎಳೀರಿ. ಇಬ್ರೂ ಒಂದ ಕಡೆ."

"ಯಾವ ಕಡೆ?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

ಓಕ್ಬುನ್ ತಾಕ್‌ರತ್ತ ಕೈ ತೋರಿಸಿದಳು. "ಈ ಅಬಾಯಿ ಕಡೆ ಮೊದಲ ಉಣ್ತೀನಿ, ಆ ಅಬಾಯಿ ಕಡೆ ಆಮ್ಯಾಲ ಉಣ್ತೀನಿ. ನಡೀರಿ, ಹಸಿವಾಗೈತಿ."

ಸೋಮವಾರ ಅಚ್ಚಿಗೆ ಹೋದ ನಕ್ಷೆಯಲ್ಲಿ ಗಡಿಗೆರೆ ಇರಲಿಲ್ಲ. ಹಳ್ಳದ ದಂಡೆಯ ಮೇಲೆ ಒಂದು ಮರವಿತ್ತು. ಅದರಲ್ಲಿ ತಾಕ್ ತಮ್ಮ ಕೈಯಾರೆ ಒಂದೇ ಒಂದು ಹಣ್ಣು ಬರೆದಿದ್ದರು, ಮಗುವಿನ ತಲೆಯಷ್ಟು ದಪ್ಪ. ಓಕ್ಬುನ್ ಅದನ್ನು ನೋಡಿ ನಕ್ಕಳೇ ಹೊರತು ಅಳಿಸಿ ಎನ್ನಲಿಲ್ಲ.